ಹೊಂಡದಲ್ಲೇ ಬೆಳೆದ ಟೈಗರ್ ಸೀಗಡಿಯಿಂದ ಮರಿ ಮಾಡಿಸಬಹುದಾ?

ಗಜನಿ ರೈತ, ಕುಮಟಾ
ನಮ್ಮದು ಗಜನಿಯಲ್ಲಿ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಸಣ್ಣ ಟೈಗರ್ ಸೀಗಡಿ ಹೊಂಡ. ಈ ಸಲ ಹಿಡಿಯುವಾಗ ಕೆಲವು ಹೆಣ್ಣು ಚೆನ್ನಾಗಿ ದಪ್ಪ ಆಗಿದ್ದವು, ಅವನ್ನು ಮಾರದೆ ಬೇರೆ ಬಿಟ್ಟಿದ್ದೇನೆ. ಎರಡು ತಿಂಗಳಾಯ್ತು. ಪೆಲೆಟ್ ಫೀಡ್ ಹೊಟ್ಟೆ ತುಂಬ ತಿನ್ನುತ್ತಿವೆ, ಆದರೆ ಬೆನ್ನಲ್ಲಿ ಮೊಟ್ಟೆಯ ಹಸಿರು ಗೆರೆ ಕಾಣುತ್ತಲೇ ಇಲ್ಲ. ಸಮುದ್ರದಿಂದ ತಂದ ತಾಯಿ ಸೀಗಡಿಯಲ್ಲಿ ಮಾತ್ರ ಯಾಕೆ ಅಷ್ಟು ಮೊಟ್ಟೆ? ಹ್ಯಾಚರಿಗೆ (ಮರಿ ಮಾಡಿಸುವ ಕೇಂದ್ರ) ಕೊಟ್ಟು ಕಣ್ಣಿನ ತೊಟ್ಟು ಕತ್ತರಿಸಿದರೆ ಸರಿ ಹೋಗುತ್ತಾ?

ಹಳೇ ಹ್ಯಾಚರಿಯವ
ಮೊದಲು ವಯಸ್ಸು ನೋಡಿ. ನಾಲ್ಕೈದು ತಿಂಗಳಿಗೆ ಹಿಡಿದದ್ದು ಇನ್ನೂ ಎಳೆಯದು. ನಾವು ಹೆಣ್ಣು ಸುಮಾರು 100 ಗ್ರಾಂ ದಾಟಿದ್ದನ್ನೇ ಆರಿಸುತ್ತಿದ್ದೆವು. ಕಣ್ಣಿನ ತೊಟ್ಟಿನಲ್ಲಿ ಮೊಟ್ಟೆ ಬಲಿಯದಂತೆ ತಡೆಯುವ ಹಾರ್ಮೋನ್ ಇರುತ್ತೆ, ಒಂದು ಕಡೆಯದನ್ನು ತೆಗೆದರೆ ಆ ತಡೆ ಸಡಿಲ ಆಗುತ್ತೆ, ಅಷ್ಟೇ. ಮೈಯಲ್ಲಿ ಸತ್ವವೇ ಇಲ್ಲದಿದ್ದರೆ ಮೊಟ್ಟೆ ಇಟ್ಟರೂ ಸರಿಯಾಗಿ ಒಡೆಯಲ್ಲ, ಒಡೆದ ಮರಿಯೂ ನಿಲ್ಲಲ್ಲ. ಸುಮ್ನೆ ಪ್ರಾಣಿಗೆ ನೋವು. ಬೊಂಡಾಸ (ಸ್ಕ್ವಿಡ್), ಬಳಚು (ಚಿಪ್ಪಿನ ಮಾಂಸ), ಕೆಸರು ಹುಳು, ಇವನ್ನು ದಿನಕ್ಕೆ ಮೂರ್ನಾಲ್ಕು ಸಲ ಬದಲಾಯಿಸಿ ಕೊಡಬೇಕು.

ಮೀನುಗಾರಿಕೆ ಓದಿದವಳು
ಪೆಲೆಟ್ ಮಾಡಿರುವುದು ತೂಕ ಬರಲಿ ಅಂತ, ಮೊಟ್ಟೆಗಲ್ಲ. ಮೊಟ್ಟೆಯ ಹಳದಿಗೆ ಇಪಿಎ, ಡಿಎಚ್‌ಎ, ಅರಾಕಿಡೋನಿಕ್ ಅನ್ನುವ ಕೊಬ್ಬಿನಾಮ್ಲಗಳು ಬೇಕು. ಸೀಗಡಿ ಇವನ್ನು ತಾನಾಗಿ ಸಾಕಷ್ಟು ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಸಮುದ್ರದ ಹೆಣ್ಣು ಚಿಕ್ಕಂದಿನಿಂದ ಹುಳು, ಚಿಪ್ಪು ತಿಂದೇ ಬೆಳೆದಿರುತ್ತೆ, ಅಲ್ವಾ? ನೀವು ಕೊನೆಯ ತಿಂಗಳು ಕೊಟ್ಟರೆ ಸ್ವಲ್ಪ ಸುಧಾರಿಸಬಹುದು, ಪೂರ್ತಿ ತುಂಬಿಕೊಳ್ಳಲ್ಲ. ಇನ್ನೊಂದು ವಿಷಯ, ಗಂಡನ್ನು ಎಲ್ಲರೂ ಮರೆಯುತ್ತಾರೆ. ಹೊಂಡದ ಟೈಗರ್ ಗಂಡಿನ ವೀರ್ಯದ ಗಂಟು ಎಷ್ಟೋ ಸಲ ಸಣ್ಣದು, ಸತ್ವವೂ ಕಡಿಮೆ. ಟೈಗರ್ ಹೆಣ್ಣು ಪೊರೆ ಕಳಚಿದ ಕೂಡಲೇ ಕೂಡುತ್ತೆ, ಆಗ ಒಳ್ಳೆ ಗಂಡು ಸಿಗದಿದ್ದರೆ ಮೊಟ್ಟೆ ರಾಶಿ ಇಟ್ಟರೂ ಬರಡೇ. ಜಾಗವೂ ಮುಖ್ಯ: ಮಂದ ಬೆಳಕು, ಗಲಾಟೆ ಇಲ್ಲದ ತೊಟ್ಟಿ, ಸಮುದ್ರದಷ್ಟೇ ಉಪ್ಪಿರುವ ನೀರು, 28 ಡಿಗ್ರಿ ಆಸುಪಾಸು. ಗಜನಿಯಲ್ಲಿ ಮಳೆ ಬಂದರೆ ಉಪ್ಪೇ ಇಳಿದುಹೋಗುತ್ತೆ.

ಅಂಕೋಲಾದಿಂದ
ಹುಳು ಅಂದ ಕೂಡಲೇ ಅಳಿವೆಯಿಂದ ತೋಡಿ ತರಬೇಡಿ, ದಯವಿಟ್ಟು. ವೈಟ್ ಸ್ಪಾಟ್ (ಸೀಗಡಿ ಸಾಯಿಸುವ ವೈರಸ್ ರೋಗ), ಇಎಚ್‌ಪಿ (ಬೆಳವಣಿಗೆ ಕುಂಠಿಸುವ ಪರಾವಲಂಬಿ ರೋಗ) ಎರಡೂ ಹುಳುವಿನ ಜೊತೆ ಬರಬಹುದು. ಫ್ರೀಜರ್‌ನಲ್ಲಿಟ್ಟರೂ ವೈಟ್ ಸ್ಪಾಟ್ ವೈರಸ್ ಸಾಯಲ್ಲ. ನನ್ನ ಪರಿಚಯದವರೊಬ್ಬರು ಹಾಗೆ ತಂದು ಒಂದು ಬ್ಯಾಚ್ ಪೂರ್ತಿ ಕಳೆದುಕೊಂಡರು. ವನಾಮಿಗೆ (ಇನ್ನೊಂದು ಜಾತಿಯ ಸಾಕು ಸೀಗಡಿ) ರೋಗವಿಲ್ಲದ ತಾಯಿಯನ್ನು ವಿದೇಶದಿಂದ ತರಿಸಿ ಚೆನ್ನೈನಲ್ಲಿ ಕ್ವಾರಂಟೈನ್ ಮಾಡುವುದು ಇದಕ್ಕೇ. ಹ್ಯಾಚರಿಗೆ ಕೊಡುವ ಮುಂಚೆ ಪಿಸಿಆರ್ (ರೋಗಾಣು ಪತ್ತೆಯ ಲ್ಯಾಬ್ ಪರೀಕ್ಷೆ) ಮಾಡಿಸಿ.

ಗಜನಿ ರೈತ, ಕುಮಟಾ
ಈಗಲೇ ತೂಗಿ ನೋಡಿದೆ, ಅತಿ ದೊಡ್ಡದೇ 62 ಗ್ರಾಂ. ಇವನ್ನು ಮಾರುತ್ತೇನೆ. ಮುಂದಿನ ಬೆಳೆಯಲ್ಲಿ ಎಷ್ಟನೇ ತಿಂಗಳಿಂದ ಬೊಂಡಾಸ ಶುರು ಮಾಡಬೇಕು, ಸ್ವಲ್ಪ ಹೇಳಿ.