ಹಳೆಯ ಕನ್ನಡಕ ವಿಂಗಡಿಸಲು ಜನ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಲಯನ್ಸ್ ಕ್ಲಬ್‌ನಿಂದ ಬಳಸಿದ ಕನ್ನಡಕಗಳನ್ನು ಸಂಗ್ರಹಿಸುತ್ತಿದ್ದೇವೆ. 1925ರ ಲಯನ್ಸ್ ಸಮಾವೇಶದಲ್ಲಿ ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಅವರು ಅಂಧರ ನೆರವಿಗೆ ಬನ್ನಿ ಎಂದು ಕೇಳಿಕೊಂಡ ಮೇಲೆ ಕಣ್ಣಿನ ಕೆಲಸ ಲಯನ್ಸ್‌ನವರ ಜೊತೆಗೇ ಬೆಳೆದು ಬಂದಿದೆ.

ಈಗ ಪೆಟ್ಟಿಗೆಗಳು ತುಂಬಿವೆ, ಕೆಲಸಕ್ಕೆ ಜನ ಸಾಲುತ್ತಿಲ್ಲ. ಬಂದ ಕನ್ನಡಕವನ್ನು ಹಾಗೇ ಇನ್ನೊಬ್ಬರಿಗೆ ಕೊಡಲು ಆಗುವುದಿಲ್ಲ, ಅಲ್ವಾ? ಮುರಿದದ್ದು, ಗೀರು ಬಿದ್ದದ್ದನ್ನು ತೆಗೆದುಹಾಕಬೇಕು. ಉಳಿದದ್ದನ್ನು ತೊಳೆದು, ಲೆನ್ಸೋಮೀಟರ್‌ನಲ್ಲಿ ಪವರ್ ನೋಡಿ, ಚೀಟಿ ಅಂಟಿಸಬೇಕು. ಎರಡು ಕಣ್ಣಿಗೂ ಬೇರೆ ಬೇರೆ ಪವರ್ ಇದ್ದರೆ, ಅದರ ಮೇಲೆ ಸಿಲಿಂಡರ್ (ಅಸ್ಟಿಗ್ಮ್ಯಾಟಿಸಮ್ ದೋಷಕ್ಕೆ ಕೊಡುವ ಪವರ್) ಬೇರೆ ಇದ್ದರೆ, ಸರಿಹೊಂದುವವರು ಸಿಗುವುದೇ ಕಷ್ಟ. ಹಾಗಾಗಿ ಅಳತೆ ತಪ್ಪುವಂತಿಲ್ಲ.

ಲೆನ್ಸೋಮೀಟರ್ ಬಳಸಲು ಬರುವವರು ತುರ್ತಾಗಿ ಬೇಕು. ಆಪ್ಟೊಮೆಟ್ರಿ (ದೃಷ್ಟಿ ಪರೀಕ್ಷೆಯ ಕೋರ್ಸ್) ಓದುತ್ತಿರುವವರು ಬಂದರೆ ಇನ್ನೂ ಒಳ್ಳೆಯದು. ತೊಳೆಯಲು, ಒರೆಸಲು ಯಾರಾದರೂ ಸರಿ. (ಫೋಟೋ ತೆಗೆಸಿಕೊಂಡು ಹೋಗುವವರು ಈಗಾಗಲೇ ಜಾಸ್ತಿ ಇದ್ದಾರೆ!)

ಸಾಗಣೆ ಖರ್ಚಿಗೆ ದುಡ್ಡೂ ಬೇಕು. ಸಾರ್ವಜನಿಕರು ಕೊಟ್ಟ ಹಣದ ಲೆಕ್ಕ ಬೇರೆಯೇ ಇರುತ್ತದೆ. ಕ್ಲಬ್‌ನ ಆಡಳಿತ ಖರ್ಚಿಗೆ ಅದನ್ನು ಮುಟ್ಟುವುದಿಲ್ಲ. ರಸೀದಿ ಕೊಡುತ್ತೇವೆ.

ಬರುವವರು ಯಾವ ದಿನ, ಎಷ್ಟು ಹೊತ್ತು ಬಿಡುವಿದೆ ಎಂದು ಕೆಳಗೆ ತಿಳಿಸಿ. ಒಂದು ಗಂಟೆಯಾದರೂ ಸಾಕು.