ಓದುಗರ ಸ್ಪಂದನ: ಮಗಳ ಧಾರೆಗೆ ತಾಯಿ ನಿಲ್ಲಬಾರದೇ?

ಕಳೆದ ಸಂಚಿಕೆಯಲ್ಲಿ ಓದುಗಿಯೊಬ್ಬರು ತಮ್ಮ ಸಂಕಟವನ್ನು ಬರೆದಿದ್ದರು. ಪತಿ ತೀರಿಕೊಂಡ ಮೇಲೆ ಒಬ್ಬರೇ ದುಡಿದು ಬೆಳೆಸಿದ ಮಗಳಿಗೆ ಮದುವೆ ನಿಶ್ಚಯವಾಗಿದೆ. ತಾವೇ ಧಾರೆ ಎರೆದು ಕೊಡಬೇಕೆಂಬ ಆಸೆ ಅವರದು. ಮಗಳ ಹಠವೂ ಅದೇ. ಆದರೆ ಮೈದುನ ಮತ್ತು ಓರಗಿತ್ತಿ ಮಂಟಪದಲ್ಲಿ ನಿಲ್ಲಲಿ, ನೀವು ಒಳಗಿರಿ ಎನ್ನುತ್ತಿದ್ದಾರೆ ಬಂಧುಗಳು. “ದೇವರು ಬೇಡವೆನ್ನುವುದಿಲ್ಲ ಎಂದು ಬಲ್ಲೆ, ನಾಲ್ಕು ಜನರ ಬಾಯಿಗೆ ಹೆದರುತ್ತಿದ್ದೇನೆ” ಎಂದಿದ್ದರು. ಬಂದ ಉತ್ತರಗಳಲ್ಲಿ ಮೂರು ಇಲ್ಲಿವೆ.

ಸಹೋದರಿ, ದೇವರಿಗೆ ಒಪ್ಪಿಗೆಯೆಂದು ನಿಮಗೆ ನಿಶ್ಚಯವಿದ್ದರೆ ಉಳಿದಿರುವುದು ಜನರ ಮಾತಿನ ಭಯ ಮಾತ್ರ. ಆ ಭಯಕ್ಕೆ ಶಾಸ್ತ್ರವೆಂಬ ಹೆಸರು ಕೊಡುವವರು ಶಾಸ್ತ್ರವನ್ನೊಮ್ಮೆ ತೆರೆದು ನೋಡಲಿ. ಕನ್ಯಾದಾನಕ್ಕೆ ಯಾರು ಅರ್ಹರೆಂದು ಹೇಳುವಾಗ ಯಾಜ್ಞವಲ್ಕ್ಯ ಸ್ಮೃತಿಯು ತಂದೆ, ತಾತ, ಸಹೋದರ, ಕುಲದ ಬಂಧು, ತಾಯಿ ಎಂದು ಎಣಿಸಿ, ಮೊದಲಿನವರು ಇಲ್ಲದಾಗ ನಂತರದವರು ಎಂದು ಕ್ರಮವನ್ನು ತಿಳಿಸುತ್ತದೆ. ತಾಯಿಯ ಹೆಸರು ಕೊನೆಯಲ್ಲಿದೆ, ನಿಜ. ಕುಲದ ಬಂಧುವೆಂದು ಮೈದುನನಿಗೇ ಆದ್ಯತೆ ಎಂದು ನಿಮ್ಮವರು ವಾದಿಸಬಹುದು. ಆದರೆ ತಂದೆ ಇಲ್ಲದ ಸಂದರ್ಭವನ್ನು ಮುಂದಿಟ್ಟುಕೊಂಡೇ ತಾಯಿಯನ್ನು ಹೆಸರಿಸಿದ ಆ ಶ್ಲೋಕವು ಕೊಡುವವರು ಸ್ವಸ್ಥಚಿತ್ತರಾಗಿರಬೇಕೆಂಬ ಷರತ್ತನ್ನು ಮಾತ್ರ ಹಾಕುತ್ತದೆ. ಗಂಡನಿಲ್ಲದವಳ ಕೈ ಅಮಂಗಳವೆಂಬ ಮಾತು ಅದರಲ್ಲಿಲ್ಲ. ಮಹಾಭಾರತದ ಆದಿಪರ್ವವನ್ನೂ ನೆನೆಯಿರಿ. ಪಾಂಡು ಗತಿಸಿದ ಎಷ್ಟೋ ಕಾಲದ ಮೇಲೆ ದ್ರೌಪದಿಯ ವಿವಾಹವಾಯಿತು. ರೇಷ್ಮೆಯುಟ್ಟು ಬಂದು ನಮಸ್ಕರಿಸಿದ ಸೊಸೆಗೆ ಕುಂತಿಯು, ಇಂದ್ರನಿಗೆ ಶಚಿಯಂತೆ, ಅಗ್ನಿಗೆ ಸ್ವಾಹಾದೇವಿಯಂತೆ ಪತಿಗಳಿಗೆ ಪ್ರಿಯಳಾಗಿರು ಎಂದು ಹರಸಿದಳು. ಆ ಹರಕೆಯನ್ನು ಅಪಶಕುನವೆಂದು ಯಾರೂ ಹೇಳಲಿಲ್ಲ. ನಿಮ್ಮ ಮಗಳಿಗಾಗಿ ನೀವು ಪಟ್ಟ ಕಷ್ಟವನ್ನೆಲ್ಲ ಕಂಡ ಭಗವಂತನು, ಆ ಕೈಯ ನೀರನ್ನು ಮಾತ್ರ ಒಲ್ಲೆನೆನ್ನುವನೆಂದು ನಂಬಲು ನನ್ನಿಂದ ಸಾಧ್ಯವಿಲ್ಲ.
– ನಿವೃತ್ತ ಸಂಸ್ಕೃತ ಉಪನ್ಯಾಸಕರು, ಮೈಸೂರು

ಅಕ್ಕಾ, ನಾನೂ ನಿಮ್ಮಂತೆಯೇ ಪತಿಯನ್ನು ಕಳೆದುಕೊಂಡವಳು. ನಮ್ಮೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ ನಾರಾಯಣ ಗುರುಗಳು 1912ರಲ್ಲಿ ಶಿವನನ್ನು ಪ್ರತಿಷ್ಠಾಪಿಸಿದರು. ಅದೇ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲಾಯಿತು. ದೇವರಿಗೆ ಆರತಿ ಎತ್ತಬಲ್ಲ ಕೈ ಮಗಳಿಗೆ ಧಾರೆ ಎರೆಯಲಾರದೇ? ನೀವು ಈಗ ಒಳಗೆ ಕುಳಿತರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಸೀಮಂತಕ್ಕೂ, ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನಕ್ಕೂ ಇದೇ ಬಂಧುಗಳು ನಿಮಗೆ ಒಳಕೋಣೆಯನ್ನೇ ತೋರಿಸುತ್ತಾರೆ.
– ಓದುಗಿ, ಮಂಗಳೂರು

ಧೈರ್ಯ ಹೇಳುವುದರ ಜೊತೆಗೆ ದಾರಿಯನ್ನೂ ಹೇಳಬೇಕೆಂದು ಬರೆಯುತ್ತಿದ್ದೇನೆ. ನಮ್ಮ ಗಡಿಗೆ ಹತ್ತಿರವಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿಯು 2022ರ ಮೇ ತಿಂಗಳಲ್ಲಿ, ಗಂಡ ಸತ್ತಾಗ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಯನ್ನು ನಿಲ್ಲಿಸಲು ನಿರ್ಣಯ ಮಾಡಿತು. ಉಳಿದ ಪಂಚಾಯಿತಿಗಳೂ ಇದನ್ನು ಅನುಸರಿಸಬೇಕೆಂದು ಮಹಾರಾಷ್ಟ್ರ ಸರ್ಕಾರವು ಅದೇ ತಿಂಗಳು ಸುತ್ತೋಲೆ ಹೊರಡಿಸಿತು. ಇಡೀ ಊರು ಕುಳಿತು ಮಾತಾಡಿದ್ದರಿಂದ ಅದು ಸಾಧ್ಯವಾಯಿತು ಎಂಬುದನ್ನು ಗಮನಿಸಿ. ನೀವೂ ಮೊದಲು ಬೀಗರ ಬಳಿ ಮಾತಾಡಿ. ಅವರು ಒಪ್ಪಿದರೆ ನಿಮ್ಮ ಬಂಧುಗಳ ಅರ್ಧ ವಾದ ಬಿದ್ದುಹೋಗುತ್ತದೆ. ಅನಂತರ ಪುರೋಹಿತರನ್ನು ಕೇಳಿ; ಅವರು ಹಿಂಜರಿದರೆ ಒಪ್ಪುವ ಇನ್ನೊಬ್ಬರನ್ನು ಈಗಲೇ ಗೊತ್ತು ಮಾಡಿಕೊಳ್ಳಿ, ಮುಹೂರ್ತದ ಹೊತ್ತಿಗೆ ಜಗಳ ಬೇಡ. ಮೈದುನನನ್ನು ದೂರವಿಡಬೇಡಿ. ತಂದೆಯಿಲ್ಲದ ಮಗುವಿಗೆ ಅವರು ಆಸರೆಯಾಗಿದ್ದರೆ ನಿಮ್ಮ ಪಕ್ಕದಲ್ಲೇ ನಿಂತು ಕೈಗೂಡಿಸಲಿ. ದೇವರನ್ನು ಮೆಚ್ಚಿಸಲು ಹೊರಟವರು ಮನೆಯವರ ಮನಸ್ಸನ್ನು ನೋಯಿಸುವ ಅಗತ್ಯವಿಲ್ಲ. ಆದರೆ ಅವರ ಮುನಿಸಿಗೆ ಹೆದರಿ ನಿಮ್ಮ ಜಾಗವನ್ನು ಬಿಟ್ಟುಕೊಡಲೂಬೇಡಿ. ಲಗ್ನಪತ್ರಿಕೆಯಲ್ಲಿ ಆಹ್ವಾನಿಸುವವರ ಸಾಲಿನಲ್ಲಿ ನಿಮ್ಮ ಹೆಸರೇ ಮೊದಲು ಅಚ್ಚಾಗಲಿ. ಧಾರೆ ಎರೆಯುವವರು ಯಾರೆಂಬುದು ಬರುವವರಿಗೆಲ್ಲ ಆಗಲೇ ತಿಳಿದಿರುತ್ತದೆ.
– ಓದುಗರು, ಬೆಳಗಾವಿ