ಕಾಂಪ್ಲೆಕ್ಸ್ ಅಂಗಳದ ಪುಕ್ಕಟೆ ಪ್ರೋಗ್ರಾಂ ಬಗ್ಗೆ

ಎಲ್ಲಾರ್ಗೂ ನಮಸ್ಕಾರ್ರೀ, ಮೆಸೇಜ್ ಸ್ವಲ್ಪ ಉದ್ದ ಆಗ್ತತಿ. ನಮ್ಮ ದಾವಣಗೆರೆ ಪಿ.ಬಿ. ರೋಡಿನ ಆಫೀಸ್ ಕಾಂಪ್ಲೆಕ್ಸ್ ಅಂಗಳದಾಗ ಸಂಜೆ ಪುಕ್ಕಟೆ ಸುಗಮ ಸಂಗೀತ, ಡೊಳ್ಳು ಇಡೋಣ, ಏನೇನ್ ಬೇಕು ಅಂತ ಕೇಳಿದ್ರಲ್ಲ, ಅದಕ್ಕೆ ಹೇಳ್ತೀನಿ.

ಶನಿವಾರ ಬ್ಯಾಡ. ಎರಡನೇದು, ನಾಲ್ಕನೇದು ಬ್ಯಾಂಕು, ಸರ್ಕಾರಿ ಆಫೀಸು ರಜೆ. ಅಂಗಳ ಖಾಲಿ ಸಿಗ್ತತಿ, ಕೇಳೋರೂ ಇರಲ್ಲ. ಶುಕ್ರವಾರ ಆರಕ್ಕೆ ಶುರು ಮಾಡ್ರಿ. ಮನೆಗೆ ಹೊರಟೋರು ಹತ್ತು ನಿಮಿಷ ನಿಲ್ತಾರೆ, ಹಾಡು ಹಿಡಿಸಿದ್ರೆ ಕುರ್ಚಿ ಹುಡುಕ್ತಾರೆ. ಸ್ವಾಗತ, ಶಾಲು, ಹಾರ ಅಂತ ಮೂರು ನಿಮಿಷದ ಮ್ಯಾಲೆ ಎಳೆದ್ರೋ, ಬಸ್ ಹತ್ತಿಬಿಡ್ತಾರೆ.

ನಿಜವಾದ ತೊಂದ್ರೆ ಇರೋದು ಆ ಅಂಗಳದಾಗೇ. ಮೂರೂ ಕಡೆ ಗಾಜು, ಕೆಳಗೆ ಗ್ರಾನೈಟು. ಫೋಟೋ ಚಂದ ಬರ್ತತಿ ಅಂತ ರೋಡಿನ ಕಡೆ ಸ್ಟೇಜ್ ಹಾಕಿ ಸ್ಪೀಕರ್ ಬಿಲ್ಡಿಂಗಿಗೆ ತಿರುಗಿಸಿದ್ರೆ ಕೆಟ್ಟಂಗೆ. ಗಾಜು 17 ಮೀಟರ್ ದೂರ ಇದ್ರೆ ಸದ್ದು ಹೋಗಿ ವಾಪಸ್ ಬರೋಕೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡೀತತಿ. ತಬಲಾದ ಪೆಟ್ಟು ಎರಡೆರಡು ಸಲ ಕೇಳಿ ಹಾಡೋರ ತಾಳ ತಪ್ತತಿ. ಆಗ ವಾಲ್ಯೂಮ್ ಏರಿಸಿದ್ರೆ ಪ್ರತಿಧ್ವನಿನೂ ಏರ್ತತಿ, ಅಷ್ಟೇ. ಅದಕ್ಕೆ ಸ್ಟೇಜ್ ಬೆನ್ನು ಬಿಲ್ಡಿಂಗಿಗೆ ಕೊಡ್ರಿ. 12 ಇಂಚಿನ ಎರಡು ಸ್ಪೀಕರ್ ಸ್ಟ್ಯಾಂಡ್ ಮ್ಯಾಲೆ, ಮುಖ ರೋಡಿನ ಕಡೆ, ತುಸು ಕೆಳಗೆ ಬಾಗಿರ್ಲಿ, ಕೂತೋರ ತಲಿ ಮ್ಯಾಲೆ ಹಾರಿ ಹೋಗಬಾರ್ದು. ಮೈಕು ಯಾವಾಗ್ಲೂ ಸ್ಪೀಕರ್ ಹಿಂದೆ ಇರ್ಬೇಕು, ಮುಂದೆ ಬಂತೋ ಕುಂಯ್ ಅಂತತಿ.

ಡೊಳ್ಳು ಒಳಗೆ ಬ್ಯಾಡವೇ ಬ್ಯಾಡ, ಆ ಗಾಜಿನ ನಡುವೆ ಕಿವಿ ತೂತು ಬೀಳ್ತತಿ. ಗೇಟಿನ ಹತ್ರ, ಮೈಕ್ ಇಲ್ದೆ, ಶುರುವಿನಾಗೇ 15 ನಿಮಿಷ. ರೋಡಿನ ಜನಾನ ಅದೇ ಕರ್ಕೊಂಡ್ ಬರ್ತತಿ.

ಕರೆಂಟು: ಲಿಫ್ಟ್, ಏಸಿ ಲೈನಿಂದ ತಗೋಬ್ಯಾಡ್ರಿ. ಮಿಕ್ಸರ್ (ಮೈಕುಗಳ ಸದ್ದು ಕೂಡಿಸೋ ಪೆಟ್ಟಿಗೆ), ಸ್ಪೀಕರ್ ಎರಡಕ್ಕೂ ಒಂದೇ ಪಾಯಿಂಟು, ಬೇರೆ ಬೇರೆ ಕಡೆಯಿಂದ ಎಳೆದ್ರೆ ಅರ್ಥಿಂಗ್ ವ್ಯತ್ಯಾಸಕ್ಕೆ ಗುಂಯ್ ಅಂತ ಸದ್ದು ಬರ್ತತಿ. ಲೈಟಿನ ಲೈನ್ ಬೇರೆ. ವೈರು 2.5 ಚದರ ಮಿ.ಮೀ. ತಾಮ್ರದ್ದು. ರೀಲ್ ಇದ್ರೆ ಪೂರ್ತಿ ಬಿಚ್ಚಿಡ್ರಿ. ಸುತ್ತಿದ್ದ ಹಂಗೇ ಲೋಡ್ ಹಾಕಿದ್ರೆ ಬಿಸಿ ಹೊರಗೆ ಹೋಗೋಕೆ ದಾರಿ ಇಲ್ಲ, ಒಳಗಿನ ಸುತ್ತು ಕರಗ್ತತಿ. ಮುಟ್ಟಿ ನೋಡ್ರಿ, ಬೆಚ್ಚಗಿದ್ರೆ ಬಂದ್ ಮಾಡ್ರಿ.

ತಬಲಾದೋರ್ನ ಏಸಿ ರೂಮಿನಾಗೆ ಶ್ರುತಿ ಮಾಡ್ಕೊಳೋಕೆ ಬಿಡಬ್ಯಾಡ್ರಿ. ಅಲ್ಲಿ ಒಣ ಗಾಳಿಗೆ ಚರ್ಮ ಬಿಗೀತತಿ, ಹೊರಗಿನ ತೇವಕ್ಕೆ ಬಂದ ಕೂಡ್ಲೇ ಇಳೀತತಿ. ಅರ್ಧ ತಾಸು ಮೊದ್ಲು ಅಂಗಳದಾಗೇ ಕೂರಲಿ.

ಪರ್ಮಿಷನ್ ಪೊಲೀಸ್ ಸ್ಟೇಷನ್ನಿಂದ ಬರವಣಿಗೆಯಾಗ ತಗೊಳ್ರಿ, ಬಾಯಿಮಾತು ನಡೆಯಲ್ಲ. ಸುತ್ತ 100 ಮೀಟರಿನಾಗ ಆಸ್ಪತ್ರೆ, ಶಾಲೆ, ಕೋರ್ಟ್ ಐತೇನೋ ನೋಡ್ರಿ, ಅದು ನಿಶ್ಶಬ್ದ ವಲಯ. 2000ನೇ ಇಸ್ವಿ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ಕ್ಕೆ ಮೈಕ್ ಬಂದ್, ನೀವು ಎಂಟೂವರೆಗೇ ಮುಗಿಸ್ರಿ.

ಸಿನಿಮಾ ಹಾಡಿನ ವಿಷ್ಯ ಭಾಳ ಜನ ತಪ್ಪು ತಿಳ್ಕೊಂಡಾರೆ. 1957ರ ಕಾಪಿರೈಟ್ ಕಾಯ್ದೆಯಾಗ ಹವ್ಯಾಸಿ ಸಂಘದೋರು ಟಿಕೆಟ್ ಇಲ್ದೆ ಹಾಡಿದ್ರೆ ವಿನಾಯಿತಿ ಐತಿ. ದುಡ್ಡು ಕೊಟ್ಟು ಕರೆಸಿದ ಆರ್ಕೆಸ್ಟ್ರಾ ಹವ್ಯಾಸಿ ಅಲ್ಲ, ಜನಕ್ಕೆ ಪುಕ್ಕಟೆ ಅಂದ ಮಾತ್ರಕ್ಕೆ ಹಾಡಿನ ಲೈಸೆನ್ಸ್ ಇಲ್ದೆ ನಡೆಯಲ್ಲ.

ಇನ್ನ ಮಂಡಕ್ಕಿ ಮಿರ್ಚಿ ಗಾಡಿ ಇಡ್ಲೇಬೇಕು ಅಂತೀರಿ, ಗೊತ್ತು. ಇಡ್ರಿ, ಆದ್ರೆ ಎಣ್ಣಿ ಬಾಂಡ್ಲಿ ವೈರಿನ ದಾರಿಯಿಂದ ದೂರ, ಮೆಟ್ಟಿಲ ಬಾಯಿಗೆ ಅಡ್ಡ ಇಲ್ದಂಗೆ ಇರ್ಲಿ.